ಎಲ್ಲಾ ಪ್ರಶ್ನೆಗೂ ಬೀಳೂ ಕಾರ್ಡು

ನಮ್ಮ ಬ್ಯಾಡಗಿ ಮೆಣಸಿನಕಾಯಿ ಬೀಜದ ಆಫೀಸಿನ್ಯಾಗ ಒಂದಿಲ್ಲೊಂದು ಆಗತಿತ್ತು. ಊರಾಗ ಹೇಳಿದ್ರ ನಗತಿದ್ರು. ಬರ್ರಿ, ನನ್ನ ಖೋಲ್ಯಾಗ ಒಬ್ಬರ ಕುಂದ್ರಿ ಅಂದ್ರ ಎದ್ದು ಹೋಗತಿದ್ರು.

೧. ಹಿಂದಿನ ಸಾಹೇಬ್ರ ಹಾಜರಿ

ಎಂಬತ್ತರ ದಶಕ, ಕಂಪ್ಯೂಟರ್ ಬಂದಿದ್ದಿಲ್ಲ. ಹಾವೇರಿ, ರಾಣೆಬೆನ್ನೂರ, ಬ್ಯಾಡಗಿ ಮೂರೂ ಆಫೀಸಿನ ಸಂಶೋಧನಾ ಮಾಹಿತಿ ನಮ್ಮಲ್ಲಿದ್ದ ಒಂದು ಪೆಟ್ಟಿಗ್ಯಾಗ. ತಳಿಗೊಂದು ಕಾರ್ಡು, ಕಾರ್ಡಿನ ಅಂಚಿಗೆ ಗುಣಕ್ಕೊಂದು ತೂತು. ಆ ಗುಣ ಇದ್ರ ತೂತನ್ನ ಅಂಚಿನ ತನಕ ಕತ್ತರಿಸೂದು. ಬೇಕಾದ ತೂತಿಗೆ ಸ್ವೆಟರ್ ಹೆಣಿಯೂ ಕಡ್ಡಿ ತೂರಿಸಿ ಎತ್ತಿ ಝಾಡಿಸಿದ್ರ, ಗುಣ ಇದ್ದ ಕಾರ್ಡಷ್ಟ ಕೆಳಗ ಬೀಳತಿದ್ವು.

ಇದನ್ನ ಹುಟ್ಟಿಸಿದ ಸಾಹೇಬ್ರು ಖುರ್ಚ್ಯಾಗ ಕುಂತಲ್ಲೇ ತೀರಿಕೊಂಡ್ರು. ಅವರ ಜಾಗಕ್ಕ ನಾ ಬಂದೆ. "ಮಳಿಗೆ ಕೊಳೆಯೂದು ಯಾವ್ದು?" ಅಂತ ಝಾಡಿಸಿದೆ. ಅಗಡಿ ತಳಿ ಕಾರ್ಡು ಬಿತ್ತು. "ಕೊಳೀಲಾರದ್ದು?" ಮತ್ತ ಅಗಡಿ! ತೆಗೆದು ನೋಡಿದ್ರ ಒಂದೂ ಬಿಡದ ಎಲ್ಲಾ ತೂತೂ ಯಾರೋ ಕತ್ತರಿಸಿದ್ರು.

ವಯಸ್ಸಾದ ನಮ್ಮ ಜವಾನ್ರು, ಎಲ್ಲಾರಿಗೂ ಚಾಚಾ, ಬಾಗಲದಾಗ ನಿಂತು ಅಂದ್ರು: "ತೀರಿಕೊಂಡ ದಿನ ಹಿಂದಿನ ಸಾಹೇಬ್ರು ಕತ್ರಿ ಹಿಡಕೊಂಡು ಕುಂತಿದ್ರು. ಇನ್ನ ಯಾರು ಏನ ಕೇಳಿದ್ರೂ ನಾನ ಬರ್ತೇನಿ ಅಂದಿದ್ರು."

"ಮೊದಲ ಯಾಕ ಹೇಳ್ಲಿಲ್ಲ ಚಾಚಾ?"

"ನೀವು ನನಗೆಲ್ಲಿ ಕೇಳಿದ್ರಿ? ಕಾರ್ಡಿಗೆ ಕೇಳಿದ್ರಿ."

೨. ವಾಪಸ್ ಬಂದ ಲಕೋಟಿ

ಪೀಡಾ ಹೋಗ್ಲಿ ಅಂತ ಆ ಕಾರ್ಡನ್ನ ರಾಣೆಬೆನ್ನೂರಿಗೆ ಟಪಾಲಿಗೆ ಹಾಕಿದೆ. ಅಲ್ಲಿಯ ಕ್ಲಾರ್ಕ್ ತಾನ ಬಸ್ ಹತ್ತಿ ಬಂದು, ಲಕೋಟಿ ಟೇಬಲ್ ಮ್ಯಾಲಿಟ್ಟು ದೂರ ಸರದ.

"ಕುಂದ್ರಿ, ಚಾ ತರಸ್ತೇನಿ."

"ಬ್ಯಾಡ್ರಿ. ಮ್ಯಾಲಿನ ಅಕ್ಷರ ನಿಮ್ಮ ಹಿಂದಿನ ಸಾಹೇಬ್ರದು. ಸತ್ತವರು ಬರದ ಟಪಾಲು ನಾವು ಒಡೆಯೂದಿಲ್ರಿ."

ಅವರು ವಿಳಾಸ ಬರದಿಟ್ಟ ಲಕೋಟಿ ಕಟ್ಟು ಹಂಗ ಉಳದಿತ್ತು. ಪುಗಸಟ್ಟೆ ಸಿಕ್ಕಾವಂತ ನಾ ಅದನ್ನ ಬಳಸಿದ್ದೆ!

೩. ಘಾಟು

ಕಾರ್ಡು ಮತ್ತ ಪೆಟ್ಟಿಗಿ ಸೇರಿತ್ತು. ಅಷ್ಟರಾಗ ಹಾವೇರಿಯ ಮೇಲಧಿಕಾರಿ ಬರತಾರಂತ ಸುದ್ದಿ. ಪೆಟ್ಟಿಗಿ ಸರಿ ಉತ್ತರ ಕೊಡ್ಲಿಲ್ಲಂದ್ರ ಅದಕ್ಕ ಬೀಗ, ನನಗ ಬೀದರಕ್ಕ ವರ್ಗ. ಮನ್ಯಾಗ ಹೆಂಡತಿಗೆ ದಿನ ತುಂಬಿದ್ವು.

"ದೃಷ್ಟಿ ಆಗೇತ್ರಿ," ಅಂದ್ರು ಚಾಚಾ. "ಮೆಣಸಿನಕಾಯಿ ಇಳಿಸಿ ಸುಡೂಣು. ಘಾಟು ಬಂದ್ರ ಚಿಂತಿಲ್ಲ. ಬರಲಿಲ್ಲಂದ್ರ ಪೀಡಾ ಇರೂದು ಖರೇ."

"ಹಿಂದಿನ ಸಾಹೇಬ್ರು ಕಪಾಟಿನ್ಯಾಗ ಇಟ್ಟ ಅಗಡಿ ಡಬ್ಬ್ಯಾಗಿನ ಕಾಯಿನ ಸುಡ್ರಿ," ಅಂದೆ.

ಕೆಂಡದ ಮ್ಯಾಲೆ ಮುಷ್ಟಿ ಕಾಯಿ ಕರ್ರಗಾದ್ವು. ಒಬ್ಬರೂ ಸೀನಲಿಲ್ಲ, ಕೆಮ್ಮಲಿಲ್ಲ. ಅಗಡಿ ಕಾಯಿ ಖಾರ ಇರಲಿಕ್ಕಿಲ್ಲ ಬಿಡು ಅಂತ ನನಗ ನಾನ ಧೈರ್ಯ ಹೇಳಿಕೊಂಡೆ.

ಮರುದಿನ ಮೇಲಧಿಕಾರಿ ಕೇಳಿದ್ರು: "ಬಣ್ಣ ಇದ್ದು ಘಾಟಿಲ್ಲದ ಕಾಯಿ ಯಾವ್ದೈತಿ?" ಎರಡು ತೂತಿಗೆ ಎರಡು ಕಡ್ಡಿ ತೂರಿಸಿ ಝಾಡಿಸಿದೆ. ಅಗಡಿ ಒಂದ ಬಿತ್ತು.

"ಖಾತ್ರಿ ಏನು?"

"ನಿನ್ನೆನ ಸುಟ್ಟು ನೋಡೇವ್ರಿ! ಒಬ್ಬರೂ ಸೀನಲಿಲ್ರಿ."

"ಶಾಬಾಸ್! ಪರೀಕ್ಷಾ ಮಾಡೇ ಇಟ್ಟೀರಿ. ಪೆಟ್ಟಿಗೀನೂ ಇಲ್ಲೇ ಇರ್ಲಿ, ನೀವೂ ಇಲ್ಲೇ ಇರ್ರಿ."

ಜೀಪು ಹೋತು. ಖುರ್ಚ್ಯಾಗ ಆರಾಮ ಒರಗಿದೆ. "ಬದುಕಿದ್ವಿ ಚಾಚಾ! ಅಗಡಿ ಕಾಯಿ ಉಳಿಸ್ತು ನೋಡ್ರಿ."

ಚಾಚಾ ಬಾಗಲದಾಗ ತಲಿ ಕೆರಕೋತ ನಿಂತ್ರು. "ಖರೇ ಹೇಳ್ಲ್ಯಾ ಸಾಹೇಬ್ರ? ಆ ಡಬ್ಬಿ ಮುಟ್ಟಾಕ ನನಗ ಧೈರ್ಯ ಆಗಲಿಲ್ರಿ. ಪ್ಯಾಟ್ಯಾಗಿಂದ ಗುಂಟೂರ ಕಾಯಿ ತಂದು ಸುಟ್ಟೆ. ಮುಟ್ಟಿದ್ರ ಕಣ್ಣಾಗ ನೀರು ಬರೂ ಖಾರ."

ನಾ ಮೆಲ್ಲಕ ಹಿಂದಿನ ಸಾಹೇಬ್ರ ಖುರ್ಚಿ ಬಿಟ್ಟು ಎದ್ದೆ. ರಿಟೈರ್ ಆಗೂತನಕ ನಿಂತ ಕೆಲಸ ಮಾಡೇನಿ.