ಹೆಸರುಕಾಳಿನ ಡಬ್ಬಿ, ಸಿಂಗಾಡಿ ಬಟ್ಟಲು

ನರ್ಸ್ ಕೆಲಸ ಅಂದರೆ ಸೂಜಿ ಚುಚ್ಚೋದು, ಮಾತ್ರೆ ಕೊಡೋದು ಅಂತ ಜನ ತಿಳಿದುಕೊಂಡಿದ್ದಾರೆ. ನನ್ನ ಅರ್ಧ ಆಯಸ್ಸು ಕಂಡವರ ಮನೆ ಊಟದ ಪಂಚಾಯ್ತಿಯಲ್ಲೇ ಕಳೆದುಹೋಗಿದೆ. ಹಿರಿಯೂರಲ್ಲಿದ್ದಾಗಲೂ ಹೀಗೇ, ಹೊಳಲ್ಕೆರೆಗೆ ಬಂದ ಮೇಲೂ ಹೀಗೇ. ನಾನೇನೂ ಹುಡುಕಿಕೊಂಡು ಹೋಗಲ್ಲ, ಇಂಥವು ತಾವಾಗೇ ನನ್ನ ಮನೆ ಬಾಗಿಲು ತಟ್ಟುತ್ತವೆ.

೧. ಮಾತು ಕೇಳಿದವರು

ತಾಳ್ಯದಲ್ಲಿ ಒಮ್ಮೆ ಬಸುರಿಯರ ಸಭೆ. ಮೊಳಕೆ ಕಟ್ಟಿದ ಹೆಸರುಕಾಳು ತಿನ್ನಿ ಅಂತ ಗಂಟಲು ಹರಿಯುವ ಹಾಗೆ ಹೇಳಿದೆ. ಹುಡುಗಿಯರೆಲ್ಲ ಮೊಬೈಲ್ ನೋಡುತ್ತಾ ಕೂತಿದ್ದರು. ಸೊಸೆ ಜೊತೆ ಬಂದಿದ್ದ ಒಬ್ಬ ಅತ್ತೆ ಮಾತ್ರ ಕಣ್ಣು ಮಿಟುಕಿಸದೆ ಕೇಳಿದರು. ಒಬ್ಬರಾದರೂ ಕೇಳಿದರಲ್ಲ ಅಂತ ನನಗೆ ಸಮಾಧಾನ.

ಮುಂದಿನ ತಿಂಗಳು ಅವರೇ ಎದುರು ಬಂದು ಕೈ ಹಿಡಿದುಕೊಂಡರು. "ಸಿಸ್ಟರಮ್ಮ, ನೀವು ಹೇಳ್ದಂಗೆ ದಿನಾ ಹೆಸರುಕಾಳು ಕೊಟ್ಟೆ ಕಣ್ರಿ. ಮೈ ಕೈ ತುಂಬ್ಕಂಡು ಎಷ್ಟು ಚೆನ್ನಾಗೈತೆ ಅಂತೀರಿ."

"ಒಳ್ಳೇದಾಯ್ತು ಬಿಡ್ರಿ. ಎಲ್ಲಿ ನಿಮ್ಮ ಸೊಸೆ, ತೂಕ ನೋಡಾಣ."

"ಸೊಸೆ ಎಲ್ಲಿ ತಿಂತಾಳೆ, ಒಲ್ಲೆ ಅಂದ್ಲು. ನಮ್ಮನೆ ಎಮ್ಮೇನೂ ಗಬ್ಬ ಐತಲ್ರಿ. ಅದು ನಿಮ್ಮ ಮಾತು ಕೇಳ್ತು ನೋಡ್ರಿ."

೨. ಎರಡು ಮನೆ ನಡುವೆ

ಹೊಳಲ್ಕೆರೆಯ ನಮ್ಮ ಓಣಿಯಲ್ಲಿ ಒಂದು ಬಾಡಿಗೆ ಮನೆ. ಅದರ ಎಡಕ್ಕೆ ಹಿಟ್ಟಿನ ಗಿರಣಿ ಅಜ್ಜಿ, ಬಲಕ್ಕೆ ಗ್ರಂಧಿಗೆ ಅಂಗಡಿ ಬೂಬಮ್ಮ. ಅಜ್ಜಿ ಗಿರಣಿಯ ಸದ್ದಿನಲ್ಲೇ ಮುದುಕಿಯಾದವರು, ಪಿಸುಮಾತೂ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ. ಬೂಬಮ್ಮನ ಮನೆಯವರು ತಲೆತಲಾಂತರದಿಂದ ಬೇರು, ನಾರು, ಒಣಹಣ್ಣು ಮಾರುವವರು. ಯಾವ ಕಾಯಿಲೆ ಹೇಳಿದರೂ ಅವರ ಡಬ್ಬದಲ್ಲಿ ಏನೋ ಒಂದು ಇರುತ್ತದೆ.

ನಡುವಿನ ಮನೆಗೆ ಒಬ್ಬ ಹುಡುಗಿ ಬಂದಳು, ಆರು ತಿಂಗಳ ಬಸುರಿ. ಗಂಡ ಬೋರ್‌ವೆಲ್ ಲಾರಿ ಡ್ರೈವರ್, ಮನೆಯಲ್ಲಿದ್ದಿದ್ದಕ್ಕಿಂತ ರೋಡಲ್ಲಿದ್ದಿದ್ದೇ ಹೆಚ್ಚು. ಅವಳಿಗೆ ತಾಯಿ ಇಲ್ಲ, ಚಿಕ್ಕವಳಿದ್ದಾಗಲೇ ಹೋಗಿದ್ದರು. ರಕ್ತ ಪರೀಕ್ಷೆ ಮಾಡಿದರೆ ಪಾಪ, ಬಹಳ ಕಡಿಮೆ. ರಕ್ತ ಏರದಿದ್ದರೆ ಹೆರಿಗೆ ಹೊತ್ತಿಗೆ ನಿನಗೂ ಕಷ್ಟ, ಕೂಸಿಗೂ ಕಷ್ಟ, ಇಲ್ಲಿ ಆಗಲ್ಲ, ದುರ್ಗದ ದೊಡ್ಡಾಸ್ಪತ್ರೆಗೇ ಹೋಗಬೇಕಾಗುತ್ತೆ ಅಂತ ಮೆಲ್ಲಗೆ ಹೇಳಿದೆ. ನಮ್ಮ ಓಣಿಗೆ ಮೆಲ್ಲಗೆ ಹೇಳಿದ್ದೇ ಜೋರಾಗಿ ಕೇಳೋದು.

ಮಾರನೇ ದಿನ ಇಬ್ಬರೂ ನನ್ನ ಮನೆ ಕಟ್ಟೆ ಮೇಲೆ. ಹೆಸರುಕಾಳು ಕೊಟ್ಟರೆ ರಕ್ತ ಏರ್ತದೆ ಅಂತ ಅಜ್ಜಿ. ಕೆರೆಯಲ್ಲಿ ಬೆಳೆಯೋ ಸಿಂಗಾಡಿ ಕಾಯಿ ಒಣಗಿಸಿ, ಹಿಟ್ಟು ಮಾಡಿ, ಹಾಲಲ್ಲಿ ಕಾಸಿ ಕೊಟ್ಟರೆ ಬಸುರಿಗೆ ಅದಕ್ಕಿಂತ ಇಲ್ಲ ಅಂತ ಬೂಬಮ್ಮ. ತೀರ್ಪು ನಾನು ಹೇಳಬೇಕಂತೆ.

ಹೇಳಿದೆ. "ಹೆಸರುಕಾಳಲ್ಲಿ ಪ್ರೋಟೀನು, ಕಬ್ಬಿಣದಂಶ ಜಾಸ್ತಿ. ಹಸಿ ಸಿಂಗಾಡಿಯಲ್ಲಿ ನೀರೇ ಹೆಚ್ಚು, ಅದು ಬಿಟ್ಟರೆ ಪಿಷ್ಟ. ಒಣಗಿಸಿ ಹಿಟ್ಟು ಮಾಡಿದರೆ ಶಕ್ತಿ ಬರುತ್ತೆ, ಹೊಟ್ಟೆಗೂ ಹಗುರ. ಒಂದು ಮೈ ಕಟ್ಟುತ್ತೆ, ಇನ್ನೊಂದು ಸುಸ್ತು ಕಳೆಯುತ್ತೆ. ಎರಡೂ ಕೊಡ್ರಿ, ಮಾತ್ರೆ ಮಾತ್ರ ತಪ್ಪಿಸಬ್ಯಾಡ್ರಿ."

ಅಜ್ಜಿಗೆ ಬೇಕಾದದ್ದಷ್ಟೇ ಕೇಳಿಸಿತ್ತು. "ನೋಡ್ದೇನು ಬೂಬಮ್ಮ, ನಿನ್ನ ಸಿಂಗಾಡ್ಯಾಗೆ ಬರೀ ನೀರಂತೆ. ನೀರು ನಮ್ಮನೆ ನಲ್ಲಿಯಾಗೂ ಬರ್ತದೆ."

ಬೂಬಮ್ಮ ಸೆರಗು ಸರಿಮಾಡಿಕೊಂಡು, "ನಿಮ್ಮ ನಲ್ಲಿಯಾಗೆ ವಾರಕ್ಕೊಂದ್ಸಲ ಬರ್ತದೆ ಅಜ್ಜಿ. ನನ್ನ ಸಿಂಗಾಡ್ಯಾಗೆ ದಿನಾ ಇರ್ತದೆ" ಅಂದರು.

೩. ಕೊಳದ ಪ್ರಸಾದ

ಹುಡುಗಿಯ ಹುಟ್ಟೂರು ಹೊಸದುರ್ಗದ ಕಡೆ, ಹಾಲುರಾಮೇಶ್ವರದ ಹತ್ತಿರ. ಅಲ್ಲಿ ಬೇಡಿಕೊಂಡವರಿಗೆ ಕೊಳದ ನೀರಿಂದಲೇ ಪ್ರಸಾದ ತೇಲಿ ಬರುತ್ತದೆ ಅಂತ ನಂಬಿಕೆ. ಈ ವಿಷಯ ಬೂಬಮ್ಮನ ಕಿವಿಗೆ ಬಿದ್ದದ್ದೇ ತಡ, "ಕೇಳಿದ್ರಾ ಅಜ್ಜಿ? ಇವಳ ಊರಿನ ದೇವರೂ ನೀರಿಂದಲೇ ಕೊಡ್ತಾನೆ. ನಂದೂ ನೀರಿಂದಲೇ ಬಂದಿದ್ದು" ಅಂತ ಶುರುಮಾಡಿದರು.

ದೇವರ ಸುದ್ದಿ ಅಂತ ಅಜ್ಜಿ ಮೊದಲು ಕೈ ಮುಗಿದರು. ಆಮೇಲೆ, "ಅಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಬರ್ತಾವೆ. ಸಿಂಗಾಡಿ ಬಂದಿದ್ದು ಯಾರೂ ನೋಡಿಲ್ಲ" ಅಂದರು.

"ಯಾರಾದ್ರೂ ಕೇಳಿದ್ರೆ ತಾನೆ ಅವನು ಕೊಡೋದು" ಅಂದರು ಬೂಬಮ್ಮ.

೪. ಯಾರ ರಕ್ತ ಏರಿತು

ಅಂದಿನಿಂದ ದಿನಾ ಬೆಳಿಗ್ಗೆ ಅಜ್ಜಿ ಮನೆಯಿಂದ ಸ್ಟೀಲ್ ಡಬ್ಬಿ ತುಂಬ ಹೆಸರುಕಾಳಿನ ಉಸುಲಿ, ಬೂಬಮ್ಮನ ಮನೆಯಿಂದ ಬಟ್ಟಲು ತುಂಬ ಸಿಂಗಾಡಿ ಹಲ್ವ. ಸಂಜೆಗೆ ಪಾತ್ರೆ ವಾಪಸ್. ಹುಡುಗಿಯ ಗುಣಗಾನ ಇಬ್ಬರ ಬಾಯಲ್ಲೂ.

ಒಂದು ದಿನ ಅಜ್ಜಿ ಬೂಬಮ್ಮನ ಎದುರಿಗೇ ನನಗೆ ಹೇಳಿದರು. "ಆ ಹುಡುಗಿ ಡಬ್ಬಿ ತುಂಬ ಅದೇನೋ ಸಿಹಿ ಮಾಡಿ ಕೊಡ್ತಾಳೆ ಸಿಸ್ಟರಮ್ಮ, ಬಾಯಾಗಿಟ್ರೆ ಕರಗ್ತದೆ. ಇವಳ ಸಿಂಗಾಡಿ ಅದರ ಮುಂದೆ ಎಲ್ಲಿ ಬರ್ಬೇಕು."

ಬೂಬಮ್ಮ ಬಿಟ್ಟಾರೆಯೇ. "ನನಗೆ ಉಸುಲಿ ಮಾಡಿ ಕೊಡ್ತಾಳೆ. ತಿಂದು ನೋಡ್ರಿ ಅಜ್ಜಿ, ನಿಮಗೆ ಆ ಕೈರುಚಿ ಬರಲ್ಲ."

ನಾನೂ ಪೆದ್ದಿ, ತಲೆಗೆ ಹೊಳೆಯಲೇ ಇಲ್ಲ.

ತಿಂಗಳಾದ ಮೇಲೆ ಓಣಿಯ ಹೆಂಗಸರಿಗೆಲ್ಲ ಮತ್ತೆ ರಕ್ತ ಪರೀಕ್ಷೆ ಇತ್ತು. ಅಜ್ಜಿಯ ರಕ್ತ ಏರಿತ್ತು, ಬೂಬಮ್ಮನದೂ ಏರಿತ್ತು. ಹುಡುಗಿಯದು ಇದ್ದಲ್ಲೇ ಇತ್ತು. ನನಗೆ ಭಯವಾಯಿತು, ಭಯವಾದರೆ ನನಗೆ ಸಿಟ್ಟು ಬರುತ್ತದೆ. "ಲೇ ಹುಡುಗಿ, ಎರಡು ಮನೆಯೋರು ಹೊತ್ತು ತಂದು ಹಾಕ್ತಾರೆ, ಅದೆಲ್ಲ ಎಲ್ಲಿಗೆ ಹೋಗ್ತೈತೆ?" ಅಂತ ಅವರಿಬ್ಬರ ಎದುರಿಗೇ ಗದರಿದೆ.

ಅವಳು ತಲೆ ತಗ್ಗಿಸಿದಳು. "ಯಾರಾದ್ರೂ ಪಾತ್ರೇಲಿ ಕೊಟ್ರೆ ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಅಂತ ನಮ್ಮಮ್ಮ ಹೇಳಿದ್ರು. ನಮ್ಮಮ್ಮ ಹೇಳಿದ್ರಲ್ಲಿ ನನಗೆ ನೆನಪಿರೋದು ಅದೊಂದೇ. ಒಲೆ ಮುಂದೆ ನಿಂತ್ರೆ ವಾಂತಿ ಬರುತ್ತೆ, ಏನೂ ಮಾಡಕ್ಕಾಗಲ್ಲ. ಅದಕ್ಕೇ ಅಜ್ಜಿ ಉಸುಲಿ ಬೂಬಮ್ಮನ ಬಟ್ಟಲಿಗೆ, ಬೂಬಮ್ಮನ ಹಲ್ವ ಅಜ್ಜಿ ಡಬ್ಬಿಗೆ ಹಾಕ್ತಿದ್ದೆ. ನಾನೂ ಒಂಚೂರು ತಿಂತಿದ್ದೆ."

ಮಾತ್ರೆಯನ್ನೂ ಖಾಲಿ ಹೊಟ್ಟೆಯಲ್ಲೇ ನುಂಗಿ ಕಕ್ಕುತ್ತಿದ್ದಳಂತೆ.

ಅಜ್ಜಿ ಬೂಬಮ್ಮನ ಮುಖ ನೋಡಿದರು, ಬೂಬಮ್ಮ ಅಜ್ಜಿಯ ಮುಖ ನೋಡಿದರು. ಎದುರಾಳಿಯ ಅಡುಗೆಯನ್ನೇ ತಿಂಗಳಿಡೀ ಹೊಗಳಿದ್ದು ಇಬ್ಬರಿಗೂ ಅರ್ಥವಾಯಿತು. ಅಜ್ಜಿ ಹುಡುಗಿಯ ತಲೆ ಸವರಿ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನದಿಂದ ಡಬ್ಬಿ ಇಲ್ಲ, ಬಟ್ಟಲಿಲ್ಲ. ಮುತ್ತುಗದ ಎಲೆಯಲ್ಲಿ ಉಸುಲಿ, ಮುತ್ತುಗದ ಎಲೆಯಲ್ಲಿ ಹಲ್ವ. ಅವಳು ತಿಂದು, ಮಾತ್ರೆ ನುಂಗೋವರೆಗೆ ಇಬ್ಬರೂ ಕದಲುತ್ತಿರಲಿಲ್ಲ.

"ಈಗ ಏನು ವಾಪಸ್ ಕೊಡ್ತೀಯೋ ಕೊಡು, ನೋಡಾಣ" ಅಂದರು ಅಜ್ಜಿ.

೫. ಕೂಸಿನ ತೂಕ

ರಕ್ತ ಏರಿತು. ಹೊಳಲ್ಕೆರೆಯಲ್ಲೇ ಹೆರಿಗೆಯಾಯಿತು, ಹೆಣ್ಣು ಕೂಸು. ಬಾಣಂತನಕ್ಕೆ ತವರಿಲ್ಲ ಅನ್ನೋ ಮಾತೇ ಬರಲಿಲ್ಲ, ಎರಡು ತವರು ಗೋಡೆಗೆ ಅಂಟಿಕೊಂಡೇ ಇದ್ದವು.

ಕೂಸಿನ ತೂಕ ನೋಡಲು ತಕ್ಕಡಿ ಹಿಡಿದು ಹೋದೆ. ಅಜ್ಜಿ, ಬೂಬಮ್ಮ ಸೇರಿ ಕೂಸನ್ನ ಬಟ್ಟೆಯಲ್ಲಿ ಸುತ್ತಿ ಜೋಳಿಗೆಗೆ ಹಾಕಿ ಕೊಟ್ಟರು. ಮುಳ್ಳು ನೋಡಿ ನನಗೇ ನಂಬಿಕೆ ಬರಲಿಲ್ಲ. ಬಟ್ಟೆ ಬಿಚ್ಚಿದರೆ ಕೂಸಿನ ಒಂದು ಮಗ್ಗುಲಿಗೆ ಹೆಸರುಕಾಳಿನ ಗಂಟು, ಇನ್ನೊಂದು ಮಗ್ಗುಲಿಗೆ ಸಿಂಗಾಡಿ ಹಿಟ್ಟಿನ ಪೊಟ್ಟಣ.

"ಎತ್ಕಂಡ ಕೂಸನ್ನ ಬರಿಗೈಲಿ ಹೆಂಗೆ ವಾಪಸ್ ಕೊಡೋದ್ರಿ?" ಅಂದರು ಅಜ್ಜಿ. "ಈ ಹುಡುಗಿ ಅಮ್ಮ ಹಾಕಿಕೊಟ್ಟ ಪದ್ಧತಿ" ಅಂದರು ಬೂಬಮ್ಮ.

ಎರಡನ್ನೂ ತೆಗೆದಿಟ್ಟು ಮತ್ತೆ ತೂಗಿದೆ. ಬರೀ ಕೂಸೇ ಒಳ್ಳೇ ತೂಕವಿತ್ತು. ಹೆಸರುಕಾಳು ಅಂತ ಅಜ್ಜಿ, ಸಿಂಗಾಡಿ ಅಂತ ಬೂಬಮ್ಮ, ಮತ್ತೆ ಶುರುವಾಯಿತು. ನಾನು ತಕ್ಕಡಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಯಾಕೋ ಚೀಲ ಭಾರ ಅನ್ನಿಸಿ ಬಗ್ಗಿ ನೋಡಿದರೆ ಒಳಗೆ ಅದೇ ಗಂಟು, ಅದೇ ಪೊಟ್ಟಣ.

ಹುಡುಗಿ ಸೆರಗು ಬಾಯಿಗೆ ಅಡ್ಡ ಹಿಡಿದು, "ಖಾಲಿ ಚೀಲ ಹೆಂಗೆ ಕಳ್ಸೋದು ಸಿಸ್ಟರಮ್ಮ" ಅಂದಳು.

ಅಷ್ಟು ದಿನದಲ್ಲಿ ಮೊದಲ ಸಲ ಅಜ್ಜಿ, ಬೂಬಮ್ಮ ಇಬ್ಬರೂ ಒಂದೇ ಮಾತಾಡಿದರು.

"ಶುರು ಹಚ್ಕಂಡ್ಲು ನೋಡ್ರಿ ಮತ್ತೆ."