ಮಾವನ ಕೋವಿಗೆ ಹಗುರ ಗುಂಡು

ಹೆಣ್ಣು ಕೊಟ್ಟ ಮನೆಯವರು ಅಳಿಯನಿಗೆ ಏನೇನೋ ಕೊಡುತ್ತಾರೆ. ಉಂಗುರ ಬೆರಳಿಗೆ ಬಿಗಿಯಾಗಬಹುದು, ವಾಚು ನಿಂತುಹೋಗಬಹುದು. ಎರಡನ್ನೂ ಬೀರುವಿನಲ್ಲಿಟ್ಟು ಮರೆತುಬಿಟ್ಟರೆ ಆಯಿತು. ನನ್ನ ಮಾವ ನನಗೆ ಕೋವಿ ಕೊಟ್ಟರು. ಕೋವಿಯನ್ನು ಮರೆಯಲು ಸರ್ಕಾರವೂ ಬಿಡುವುದಿಲ್ಲ, ಮಾವನೂ ಬಿಡುವುದಿಲ್ಲ. ಇದ್ದೊಬ್ಬ ಮಗ ಮಾಂಸ ಬಿಟ್ಟು ಮಠಕ್ಕೆ ನಡೆದುಕೊಳ್ಳತೊಡಗಿದ್ದರಿಂದ ಅದು ಹಿರಿಯ ಅಳಿಯನಾದ ನನ್ನ ಹೆಸರಿಗೆ ಬಂತು. ನಾನು ಹೊಳೆನರಸೀಪುರದಲ್ಲಿ ಗಣಿತದ ಮೇಷ್ಟ್ರು. ಸೀಮೆಸುಣ್ಣಕ್ಕಿಂತ ತೂಕದ್ದೇನನ್ನೂ ಭುಜದ ಮಟ್ಟಕ್ಕೆ ಎತ್ತಿ ಅಭ್ಯಾಸವಿಲ್ಲ.

ಕೊಣನೂರಿನ ಹತ್ತಿರದ ಮಾವನ ಊರಿನಲ್ಲಿ ಅದನ್ನು ದೊಡ್ಡ ಕೋವಿ ಎಂದೇ ಕರೆಯುತ್ತಾರೆ. ಹೆಸರಿಗೆ ರೈಫಲ್ಲು, ನಳಿಗೆ ಮಾತ್ರ ಒನಕೆಯಷ್ಟು ಭಾರ. ಕಾಡುಕೋಣಕ್ಕೆ ಹೊಡೆಯಲೆಂದು ಮಾವನ ತಂದೆ ಆ ಕಾಲದಲ್ಲಿ ತರಿಸಿದ್ದಂತೆ. ಈಗ ಬೇಟೆಯಾಡಿದರೆ ಜೈಲು. ಹಾಗಾಗಿ ನಮ್ಮ ಕೋವಿಯ ಪಾಲಿಗೆ ಉಳಿದಿರುವ ಏಕೈಕ ಮೃಗವೆಂದರೆ ತೆಂಗಿನಕಾಯಿ. ವರ್ಷಕ್ಕೊಮ್ಮೆ ಆಯುಧಪೂಜೆ ಕಳೆದ ಮೇಲೆ ಸುತ್ತಲಿನ ಕೋವಿ ಇರುವ ಮನೆಯವರೆಲ್ಲ ಠಾಣೆಯ ಅನುಮತಿ ಪಡೆದು, ದೊಡ್ಡ ಮಣ್ಣುದಿಬ್ಬದ ಮುಂದೆ ಗೂಟ ನೆಟ್ಟು, ಅದರ ಮೇಲೆ ಕಾಯಿ ಕೂರಿಸಿ ಗುರಿ ಹೊಡೆಯುತ್ತಾರೆ. ಕಾಯಿ ಒಡೆಯಬೇಕು, ಬರೀ ಉದುರಿದರೆ ಲೆಕ್ಕಕ್ಕಿಲ್ಲ.

ಹೋದ ವರ್ಷ ಕಾಯಿಯ ಗೋಜಿಗೇ ಹೋಗದೆ ಗುಂಡು ಎಲ್ಲೋ ಹೋಯಿತು. ಕೋವಿ ಮಾತ್ರ ಗುರಿ ತಪ್ಪದೆ ನನ್ನ ಭುಜಕ್ಕೆ ಒದೆಯಿತು. ವಾರವೆಲ್ಲ ಬೋರ್ಡಿಗೆ ಕೈ ಎತ್ತಲಾಗದೆ ರೇಖಾಗಣಿತವನ್ನು ಬಾಯಲ್ಲೇ ಹೇಳಿ ಮುಗಿಸಿದೆ. ಬಾಯಲ್ಲಿ ಬಿಡಿಸಿದ ತ್ರಿಕೋನ ಯಾರಿಗೆ ತಾನೇ ಅರ್ಥವಾಗಬೇಕು? ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ನಿಯಮವಿದೆಯಲ್ಲ, ಅಂದಿನಿಂದ ವರ್ಷವಿಡೀ ಚುನಾವಣೆ ನಡೆಯಲಿ ಎಂದು ಹಾರೈಸುವ ಮತದಾರ ನಾನೊಬ್ಬನೇ ಇರಬೇಕು.

ಈ ವರ್ಷ ಮಾವ ಮೊದಲೇ ಹೇಳಿಬಿಟ್ಟರು. "ಈ ಸಲಾನೂ ತಪ್ಪುದ್ರೆ ಬ್ಯಾಸ್ರ ಮಾಡ್ಕೋಬ್ಯಾಡಿ ಅಳಿಯಂದ್ರೆ. ಕ್ವಾವೀನ ಚನ್ನರಾಯಪಟ್ಣುದ ಅಳಿಯನ್ ಎಸ್ರುಗೆ ಮಾಡ್ಸುಬುಡ್ತೀನಿ."

ಚನ್ನರಾಯಪಟ್ಟಣದ ಅಳಿಯನೆಂದರೆ ನನ್ನ ಷಡ್ಡಕ, ನಾದಿನಿಯ ಗಂಡ. ಕೊಬ್ಬರಿ ವ್ಯಾಪಾರಿ. ಕೊಬ್ಬರಿ ಮೂಟೆಯನ್ನು ದಿಂಬಿನಂತೆ ಎತ್ತಿ ಎಸೆಯುವ ಆಳು. ನ್ಯಾಯವಾಗಿ ನನಗೆ ಸಂತೋಷವಾಗಬೇಕಿತ್ತು. ಪೀಡೆ ತೊಲಗಿತು ಎಂದು ಊರಿಗೆಲ್ಲ ಸಿಹಿ ಹಂಚಬೇಕಿತ್ತು. ಆದರೆ ಆ ಕೋವಿ ಹೆಗಲಿಗೇರಿಸಿಕೊಂಡು ಅವನು ಮಾವನ ಜಗುಲಿ ಇಳಿಯುವುದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು. ಕೋವಿ ನನಗೆ ಬೇಡ, ನಿಜ. ಅವನಿಗೆ ಹೋಗುವುದಂತೂ ಬೇಡವೇ ಬೇಡ.

ಮೈಸೂರಿನ ಗುಂಡಿನ ಅಂಗಡಿಗೆ ಹೋಗಿ, ಲೈಸೆನ್ಸಿನ ಪುಸ್ತಕ ತೋರಿಸಿ, ಕಷ್ಟ ಹೇಳಿಕೊಂಡೆ. ಅಂಗಡಿಯವರು ಕೇಳಿದರು: "ಏನಕ್ಕೆ ಹೊಡೀತೀರಿ ಸಾರ್?"

"ತೆಂಗಿನಕಾಯಿಗೆ."

"ತೆಂಗಿನಕಾಯಿ ತಿರುಗಿ ಮೇಲೆ ಬೀಳಲ್ವಲ್ಲ ಸಾರ್. ಅದಕ್ಕೆ ಕಾಡುಕೋಣದ ಗುಂಡು ಯಾಕೆ? ಇದೇ ಕೋವಿಗೆ ಹಗುರದ್ದು ಇದೆ, ಒದೆ ಕಮ್ಮಿ."

ಇಷ್ಟು ಸರಳವಾದ ಮಾತು ಮಾವನ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ, ಹೊಳೆಯಲು ಮಾವ ಬಿಟ್ಟಿರಲಿಲ್ಲ. "ಗುಂಡು ಅಂದ್ರೆ ತೂಕ ಇರ್ಬೇಕು," ಎಂದು ಅವರು ಪ್ರತಿ ಊಟದಲ್ಲೂ ಹೇಳುತ್ತಿದ್ದರು. "ಅಗುರ ಗುಂಡು ಒಡ್ಯದೂ ಒಂದೇ, ಅವರೆಕಾಯಿ ಎಸ್ಯದೂ ಒಂದೇ." ಹಗುರ ಗುಂಡು ತಂದಿದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಸ್ಪರ್ಧೆಯ ದಿನ ಮಾವ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ನನ್ನ ಬೆನ್ನ ಹಿಂದೆಯೇ ಕುಳಿತರು. ಪಕ್ಕದಲ್ಲಿ ಷಡ್ಡಕ, ಆಗಲೇ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ. ಒಬ್ಬೊಬ್ಬರಿಗೆ ಎರಡು ಅವಕಾಶ. ಕಾಯಿಯ ನಡುಮಧ್ಯಕ್ಕೆ ಗುರಿಯಿಟ್ಟು ಟ್ರಿಗರ್ ಎಳೆದೆ. ಭುಜಕ್ಕೆ ಯಾರೋ ಪರಿಚಯದವರು ತಟ್ಟಿದಷ್ಟೇ ಆಯಿತು. ಆನಂದದಿಂದ ಕಣ್ಣು ಬಿಟ್ಟು ನೋಡಿದರೆ ಕಾಯಿ ಅಲ್ಲೇ ಕುಳಿತಿತ್ತು. ಅದರ ಕೆಳಗೆ ಗೂಟದ ಸಿಪ್ಪೆ ಎದ್ದಿತ್ತು. ಹಗುರ ಗುಂಡು ಬೇಗ ಓಡುತ್ತದೆ, ಕೋವಿ ಮೂತಿ ಎತ್ತುವ ಮೊದಲೇ ನಳಿಗೆ ಬಿಟ್ಟಿರುತ್ತದೆ, ಆದ್ದರಿಂದ ಕೆಳಕ್ಕೆ ತಾಗುತ್ತದೆ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಆಮೇಲೆ ವಿವರಿಸಿದರು. ಆ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಕೋವಿ ಚನ್ನರಾಯಪಟ್ಟಣದ ಬಸ್ಸು ಹತ್ತಲಿದೆ ಎಂಬುದಷ್ಟೇ.

ಎರಡನೆಯ ಗುಂಡು ತುಂಬುವಾಗ ಮಾವ ಎದ್ದು ಬಂದರು. ಕೋವಿ ಸರಿಪಡಿಸುವವರಂತೆ ಬಗ್ಗಿ, ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು: "ಅರ್ಧ ಗೇಣು ಮ್ಯಾಲಕ್ ಇಡಿ. ಅದು ಕೆಳುಕ್ ಓಯ್ತದೆ."

"ಯಾವುದು ಮಾವ?"

"ಅದೇ, ನೀವ್ ಆಕಿರದು. ಸದ್ದಲ್ಲೇ ಗೊತ್ತಾಯ್ತದೆ ಬುಡಿ. ನಾನೂ ಅದ್ನೇ ಆಕ್ತಿದ್ದುದ್ದು."

ಹೇಳಿ, ಏನೂ ಆಗದವರಂತೆ ಹೋಗಿ ಕುರ್ಚಿಯಲ್ಲಿ ಕುಳಿತರು. ಅರ್ಧ ಗೇಣು ಮೇಲಕ್ಕಿಟ್ಟೆ. ಕಾಯಿ ಒಡೆದು ನೀರು ಚಿಮ್ಮಿತು. ಷಡ್ಡಕ ಹತ್ತಿರ ಬಂದು, "ತೂಕದ ಗುಂಡೇನಣ್ಣ?" ಎಂದು ಅನುಮಾನದಿಂದ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಾವ ಉತ್ತರ ಕೊಟ್ಟರು: "ಇನ್ನೇನಪ್ಪಾ ಮತ್ತೆ? ನಮ್ಮನೆ ಕ್ವಾವಿಗೆ ಅಗುರದ್ದು ಆಕ್ತಾರಾ?" ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನುಷ್ಯನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿತು. ನಾನೂ ಭುಜ ಹಿಡಿದುಕೊಂಡು ಹಲ್ಲು ಕಚ್ಚಿದೆ.

ಒಮ್ಮೆ ಹಲ್ಲು ಕಚ್ಚಿದ ಮೇಲೆ ಮನೆಯವರೆಗೂ ಕಚ್ಚಲೇಬೇಕಾಯಿತು. ಹೊಳೆನರಸೀಪುರಕ್ಕೆ ಬಂದ ಮೇಲೆ ಹೆಂಡತಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು, "ಯಾವ್ ಭುಜ?" ಎಂದಳು. ಪೇಪರಿನಿಂದ ಕಣ್ಣು ತೆಗೆಯದೆ ಅವಳ ಕಡೆಗಿದ್ದ ಭುಜ ಒಡ್ಡಿದೆ. ಅವಳು ಶಾಖ ಕೊಟ್ಟಳು, ನಾನು ಹದವಾಗಿ ನರಳಿದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ಹೇಳಿದಳು: "ನಮ್ಮಪ್ಪಂಗೂ ಹಿಂಗೇ ಕಣ್ರೀ. ಕೋವಿ ಇಡೋದು ಬಲಕ್ಕೆ, ನೋವು ಬರೋದು ಎಡಕ್ಕೆ. ನಮ್ಮವ್ವ ಏನೂ ಕೇಳ್ದೆ ಶಾಖ ಕೊಡೋಳು."

ಅವಳೂ ಏನೂ ಕೇಳಲಿಲ್ಲ. ಗಂಟನ್ನು ಇನ್ನಷ್ಟು ಬಲವಾಗಿ ಒತ್ತಿದಳು. ಈ ಸಲ ನಾನು ನರಳಿದ್ದು ನಿಜವಾಗಿಯೇ.