ಉಡಿಗೆ ಹೋದ ಸಿಮ್ಮು

ಒಗ್ಗರಣೆಗೆಂದು ಮಂಡಕ್ಕಿಯನ್ನು ನೀರಿಗೆ ಹಾಕಿದ್ದೆ. ಇನ್ನೇನು ಹಿಂಡಿ ತೆಗೆಯಬೇಕು, ಅಷ್ಟರಲ್ಲಿ ನಮ್ಮ ಭಜನಾ ಮಂಡಳಿಯ ಹಿರಿಯರಾದ ಗೌರಕ್ಕ ಹಿತ್ತಲ ಬಾಗಿಲಿನಿಂದಲೇ ಕೂಗುತ್ತ ಬಂದರು.

"ಗಿರಿಜಾ! ನೇಪಾಳ ಯಾತ್ರಿಗೆ ಒಂದು ಸೀಟು ಖಾಲಿ ಆಗೈತಿ. ಕಂಪ್ಲಿ ಸರೋಜಕ್ಕಗ ಮೊಣಕಾಲು ಹಿಡಕೊಂಡಾವಂತ. ಬರ್ತೀಯೋ ಇಲ್ಲೋ, ಈಗ ಹೇಳಬೇಕು!"

ನಾನು ಬಾಯಿ ತೆರೆಯುವುದರೊಳಗೆ ನಡುಮನೆಯಿಂದ ನಮ್ಮ ಅತ್ತೆಯವರು ಉತ್ತರ ಕೊಟ್ಟರು. "ಬರ್ತಾಳ, ಬರ್ತಾಳ! ಹೆಸರು ಬರಸು!"

ಅಲ್ಲಿಂದ ಶುರುವಾದ ಮಾತು ಮುಗಿಯುವ ಹೊತ್ತಿಗೆ ಮಂಡಕ್ಕಿ ನೀರು ಕುಡಿದು ಮುದ್ದೆಯಾಗಿತ್ತು. ಅದನ್ನೇ ಒಗ್ಗರಣೆ ಹಾಕಿ ಬಡಿಸಿದೆ. ದೇವರು ಅಂದೇ ನನಗೊಂದು ಸೂಚನೆ ಕೊಟ್ಟಿದ್ದ. ತಿಳಿಯಬೇಕಲ್ಲ!

ಅತ್ತೆಯವರ ಉತ್ಸಾಹಕ್ಕೆ ಕಾರಣವಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. "ಹಂಪಿ ವಿರೂಪಾಕ್ಷನ್ನ ಸಣ್ಣಾಕಿ ಇದ್ದಾಗಿಂದ ನೋಡೀನಿ. ಪಶುಪತಿನಾಥನ್ನ ಒಮ್ಮೆ ನೋಡಬೇಕಂತ ಭಾಳ ಆಸಿ ಐತವ್ವ. ಈ ಕಾಲು ಹಿಡಕೊಂಡು ಎಲ್ಲಿ ಹೋಗ್ಲಿ? ನೀ ಫೋನಿನ್ಯಾಗ ಸಂಜಿ ಆರತಿ ತೋರಸು. ಅವತ್ತು ಆರತಿ ನೋಡೂತನಕ ನಾ ಊಟ ಮುಟ್ಟಂಗಿಲ್ಲ."

"ಅವ್ವಾ, ನಿನಗ ಸಕ್ಕರಿ ಕಾಯಿಲಿ ಐತಿ. ಉಪವಾಸ ಗಿಪವಾಸ ಬ್ಯಾಡ," ಎಂದರು ನಮ್ಮ ಯಜಮಾನರು.

"ಆರತಿ ತೋರಸಾಕ ನನ್ನ ಸೊಸಿ ಅದಾಳ. ನೀ ಸುಮ್ಕಿರು," ಎಂದರು ಅತ್ತೆ.

ಈ ಮಾತಿಗೆ ನಾನು ಒಂದು ಗೇಣು ಎತ್ತರ ಬೆಳೆದೆ. ಮರುದಿನವೇ ಮೊಬೈಲ್ ಅಂಗಡಿಗೆ ಹೋಗಿ ಫೋನನ್ನು ತಪಾಸಣೆಗೆ ಒಪ್ಪಿಸಿದೆ. ಅಂಗಡಿಯವನು ಹಿಂದೆ ಮುಂದೆ ನೋಡಿ, "ಅಕ್ಕಾರ, ಇದಕ್ಕ ಲಾಕ್ ಇಲ್ಲ. ಯಾವ ದೇಶದ ಸಿಮ್ ಹಾಕಿದ್ರೂ ನಡೀತೈತಿ. ಗಡಿಯಾಗ ಒಂದು ಪ್ರೀಪೇಯ್ಡ್ ಸಿಮ್ ತಗೋರಿ. ವಾಟ್ಸಾಪಿನ್ಯಾಗ ನಿಮ್ಮ ಹಳೇ ನಂಬರ ಇರ್ತೈತಿ, ಕರೆ ಮಾಡಿದ್ರ ನಿಮ್ಮ ಹೆಸರ ಬರ್ತೈತಿ" ಎಂದ. ಸಿಮ್ ತೆಗೆದು ಹಾಕುವುದನ್ನೂ ಕಲಿಸಿದ. ಅದಕ್ಕೊಂದು ಬೇರೆ ಕಡ್ಡಿ ಬೇಕಂತೆ. ನನ್ನ ಬಳೆಯಲ್ಲಿ ಸದಾ ನೇತಾಡುವ ಪಿನ್ನಿನಿಂದಲೇ ಚಕ್ಕನೆ ತೆಗೆದು ತೋರಿಸಿದೆ. ಅವನು ಬೆರಗಾದ. ನಾನೂ ಬೆರಗಾದೆ!

ಇಷ್ಟು ವಿದ್ಯೆ ತಲೆಗೇರಿದ ಮೇಲೆ ಸುಮ್ಮನಿರಲು ಸಾಧ್ಯವೇ? ಹೊರಡುವ ಹಿಂದಿನ ದಿನ ಮನೆಯವರನ್ನೂ ಪಕ್ಕದ ಮನೆಯ ಶಾಂತಕ್ಕನನ್ನೂ ಕಟ್ಟೆಯ ಮೇಲೆ ಕೂರಿಸಿ ಉಪನ್ಯಾಸ ಮಾಡಿದೆ.

"ಈಗ ಹೊರದೇಶದ ನಂಬರಿಂದ ಮೋಸದ ಫೋನು ಭಾಳ ಬರ್ತಾವ. ನನ್ನ ಹೆಸರು ಬಂದ್ರ ಎತ್ರಿ. ಹೆಸರು ಬರಲಿಲ್ಲಂದ್ರ ಎತ್ತಬ್ಯಾಡ್ರಿ. ನಾನ ಗಿರಿಜಾ ಅಂತ ಅತ್ರೂ ನಂಬಬ್ಯಾಡ್ರಿ."

"ಮಾರಿ ಕಂಡ್ರ?" ಎಂದು ಶಾಂತಕ್ಕ ಕೇಳಿದರು.

"ಮಾರಿ ಕಂಡ್ರೂ ನಂಬಬ್ಯಾಡ್ರಿ! ಈಗ ಮಾರೀನೂ ಕಂಪ್ಯೂಟರಿನ್ಯಾಗ ಮಾಡ್ತಾರ. ದನೀನೂ ಮಾಡ್ತಾರ."

ಶಾಂತಕ್ಕ ಗಲ್ಲಕ್ಕೆ ಕೈಯಿಟ್ಟುಕೊಂಡರು. ನನ್ನ ಜೀವಮಾನದಲ್ಲಿ ಅಷ್ಟು ಗಮನವಿಟ್ಟು ಯಾರೂ ನನ್ನ ಮಾತು ಕೇಳಿರಲಿಲ್ಲ. ಅದೇ ಮುಂದೆ ಕುತ್ತಿಗೆಗೆ ಬಂತು.

ರೈಲು ಹತ್ತಿ, ಬಸ್ಸು ಹತ್ತಿ ಗಡಿ ಮುಟ್ಟಿದೆವು. ಉಳಿದ ಹೆಂಗಸರು ಚಹಾದಂಗಡಿಗೆ ಹೋದರೆ ನಾನು ಸಿಮ್ಮಿನ ಅಂಗಡಿಗೆ ಹೋದೆ. ಗುರುತಿನ ಚೀಟಿ ತೋರಿಸಿ, ಫೋಟೊ ಕೊಟ್ಟು, ನೇಪಾಳದ ಸಿಮ್ ಪಡೆದೆ. ಬಳೆಯ ಪಿನ್ನಿನಿಂದ ಹಳೇ ಸಿಮ್ ತೆಗೆದು, ಕಳೆಯಬಾರದೆಂದು ಚಿಕ್ಕ ಕಾಗದದ ಪೊಟ್ಟಣ ಕಟ್ಟಿ, ದೇವಿಗೆ ಉಡಿ ತುಂಬಲೆಂದು ಒಯ್ದಿದ್ದ ಅರಿಶಿನ ಕುಂಕುಮದ ಪೊಟ್ಟಣಗಳ ನಡುವೆ ಇಟ್ಟೆ. ಅಷ್ಟು ಪವಿತ್ರವಾದ ಜಾಗ ಚೀಲದಲ್ಲಿ ಬೇರೆ ಇರಲಿಲ್ಲ.

ಹೊಸ ಸಿಮ್ ಹಾಕುತ್ತಲೇ ಫೋನು ಇಂಗ್ಲಿಷಿನಲ್ಲಿ ಏನೇನೋ ಕೇಳತೊಡಗಿತು. ವಾಟ್ಸಾಪೂ ಏನೋ ಕೇಳಿತು. ಕೇಳಿದವರಿಗೆ ಇಲ್ಲ ಅನ್ನುವುದು ನಮ್ಮ ಮನೆತನದಲ್ಲೇ ಇಲ್ಲ. ಎಲ್ಲದಕ್ಕೂ ಎಸ್ ಒತ್ತಿದೆ. ಒಂದು ಗುಪ್ತ ಸಂಖ್ಯೆ ಬಂತು, ಅದನ್ನೂ ತುಂಬಿದೆ. ಫೋನು ತೃಪ್ತಿಯಿಂದ ಸುಮ್ಮನಾಯಿತು.

"ಮನಿಗೆ ಒಂದು ಫೋನು ಹಚ್ಚಿ ನೋಡ," ಎಂದರು ಗೌರಕ್ಕ.

"ಬ್ಯಾಡ್ರಿ ಅಕ್ಕಾ! ಈ ಡೇಟಾ ಆರತಿಗೆ ಮೀಸಲು. ದೇವರಿಗೆ ಎತ್ತಿಟ್ಟ ನೈವೇದ್ಯದ ರುಚಿ ನೋಡ್ತಾರೇನು?"

ಗೌರಕ್ಕ ಮೆಚ್ಚಿ ತಲೆಯಾಡಿಸಿದರು. ನನಗೂ ನನ್ನ ಭಕ್ತಿಯ ಬಗ್ಗೆ ಹೆಮ್ಮೆಯಾಯಿತು. ರುಚಿ ನೋಡದ ಅಡುಗೆಯ ಗತಿ ಏನಾಗುತ್ತದೆ ಎಂದು ಅಡುಗೆಮನೆಯಲ್ಲೇ ಆಯುಷ್ಯ ಕಳೆದ ನನಗೆ ಹೊಳೆಯಲಿಲ್ಲ ನೋಡಿ!

ಕಾಠ್ಮಂಡುವಿನಲ್ಲಿ ಬೆಳಿಗ್ಗೆ ದರ್ಶನ ಚೆನ್ನಾಗಿ ಆಯಿತು. ಹತ್ತಿರದ ದೇವಿಯ ಗುಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕುಂಕುಮ ಎಲ್ಲ ಸೇರಿಸಿ ಕಣ್ಣುಮುಚ್ಚಿ ಉಡಿ ತುಂಬಿದೆ. ಸಂಜೆ ನದಿಯ ದಂಡೆಗೆ ಬಂದೆವು. ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲವೆಂದು ಉಳಿದವರೆಲ್ಲ ಫೋನುಗಳನ್ನು ಛತ್ರದಲ್ಲೇ ಬಿಟ್ಟು ಬಂದಿದ್ದರು. ದಂಡೆಯ ಮೇಲೆ ಅಡ್ಡಿಯಿಲ್ಲ ಎಂದು ಕೇಳಿ ತಿಳಿದಿದ್ದ ನನ್ನೊಬ್ಬಳ ಕೈಯಲ್ಲಿ ಫೋನು! ಚಳಿಗೆ ಮಂಕಿ ಟೋಪಿ ಹಾಕಿ, ಶಾಲು ಸುತ್ತಿ, ಮೆಟ್ಟಿಲ ಮೇಲೆ ಆಯಕಟ್ಟಿನ ಜಾಗ ಹಿಡಿದು ಕೂತೆ. ಶಂಖ ಊದಿದರು. ಯಜಮಾನರಿಗೆ ವಿಡಿಯೊ ಕರೆ ಒತ್ತಿದೆ.

ಕಟ್ಟಾಯಿತು.

ಮತ್ತೆ ಒತ್ತಿದೆ. ಮತ್ತೆ ಕಟ್ಟಾಯಿತು. ಮೂರನೆಯ ಸಲ ಒತ್ತಿದಾಗ ಕರೆ ಹೋಗಲೇ ಇಲ್ಲ.

ಪಕ್ಕದಲ್ಲಿ ಕೂತಿದ್ದ ಒಬ್ಬ ಹಿಂದಿ ಹುಡುಗಿಗೆ ಫೋನು ತೋರಿಸಿದೆ. ಅವಳು ನೋಡಿ ನಕ್ಕಳು. ನಾನು ಎಸ್ ಒತ್ತಿ ಒತ್ತಿ ವಾಟ್ಸಾಪಿನ ನಂಬರನ್ನೇ ಬದಲಾಯಿಸಿದ್ದೆನಂತೆ. ನನ್ನ ಹೆಸರು ಹೋಗಿ ಬರೀ ನೇಪಾಳದ ನಂಬರು ಕಾಣುತ್ತಿದೆಯಂತೆ. ಯಜಮಾನರು ಅದನ್ನು ಬ್ಲಾಕ್ ಮಾಡಿರಬೇಕಂತೆ. ಮದುವೆಯಾದಾಗಿನಿಂದ ನಾನು ಹೇಳಿದ ಒಂದು ಮಾತನ್ನೂ ಕೇಳದ ಮನುಷ್ಯ, ಇದೊಂದನ್ನು ಅಕ್ಷರಶಃ ಪಾಲಿಸಿದ್ದರು!

ಹಳೇ ಸಿಮ್ ಹಾಕಿದರೆ ಹಳೇ ನಂಬರಿಗೆ ಮರಳಬಹುದು ಎಂದಳು ಹುಡುಗಿ. ಬಳೆಯ ಪಿನ್ನು ತೆಗೆದುಕೊಂಡು ಚೀಲಕ್ಕೆ ಕೈ ಹಾಕಿದೆ. ಚೀಲದಲ್ಲಿ ನಾಲ್ಕು ಅಕ್ಕಿಕಾಳು ಬಿಟ್ಟರೆ ಏನೂ ಇಲ್ಲ.

"ಗೌರಕ್ಕಾ! ಸಿಮ್ಮು ದೇವಿ ಉಡಿಗೆ ಹೋಗೈತ್ರೀ!"

"ಅಯ್ಯ ಶಿವನ! ಓಡು, ಪೂಜಾರಿಗೆ ಹೇಳಿ ಇಸಗೊಂಡು ಬಾ."

"ಏನ್ರೀ ಅಕ್ಕಾ ನೀವು! ಕೊಟ್ಟ ಉಡಿ ವಾಪಸ್ ಕೇಳ್ತಾರೇನ್ರೀ?"

ಹೊಸಪೇಟೆಯ ನಮ್ಮ ಮನೆಯಲ್ಲಿ ಹಸಿದು ಕೂತ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಅತ್ತ ಅರ್ಚಕರು ಆರತಿಯ ಬತ್ತಿಗಳನ್ನು ಹೊತ್ತಿಸುತ್ತಿದ್ದರು. "ಪಶುಪತಿನಾಥಾ, ನನ್ನ ಜಾಣತನಕ್ಕ ಮುದುಕಿಗೆ ಶಿಕ್ಷೆ ಕೊಡಬ್ಯಾಡಪ್ಪ" ಎಂದು ಕೈಮುಗಿದು, ಶಾಂತಕ್ಕನಿಗೆ ಕರೆ ಒತ್ತಿದೆ.

ಕಟ್ಟಾಯಿತು. ಮತ್ತೆ ಒತ್ತಿದೆ. ಕಟ್ಟಾಯಿತು. ಇನ್ನೊಮ್ಮೆ ಒತ್ತಿದೆ. ಎತ್ತಿದರು! ಎತ್ತಿದ್ದು ಮಾತಾಡಲು ಅಲ್ಲ, ಬೈಯಲು.

"ಯಾವನಲೇ ನೀನು? ಹೆಣ್ಮಕ್ಕಳಿಗೆ ಮೋಸ ಮಾಡಾಕ ನಾಚಿಕಿ ಬರಂಗಿಲ್ಲೇನು? ದುಡಕೊಂಡು ತಿನ್ನಾಕ ಏನಾಗೇತಿ?"

"ಶಾಂತಕ್ಕಾ, ನಾನ್ರಿ! ಗಿರಿಜಾ!"

"ಹಿಂಗ ಹೇಳ್ತಾರಂತ ಗಿರಿಜಾ ಮೊದಲ ಹೇಳ್ಯಾಳ!"

"ಮಾರಿ ನೋಡ್ರೀ ನನ್ನ!"

"ಮಾರೀನೂ ಮಾಡ್ತೀರಂತ, ಅದನ್ನೂ ಹೇಳ್ಯಾಳ! ಅದೂ ಎಂಥಾ ಮಾರಿ ಮಾಡೀಯೋ! ನಮ್ಮ ಗಿರಿಜಾ ಇಷ್ಟು ಕರಡಿ ಹಂಗ ಇಲ್ಲ."

ಮಂಕಿ ಟೋಪಿ ಕಿತ್ತೆಸೆದೆ. ಕೂದಲು ಕೆದರಿ ಇನ್ನೂ ಕೆಟ್ಟದಾಗಿ ಕಂಡಿರಬೇಕು. ಶಾಂತಕ್ಕ ಹಿಂದೆ ಸರಿದರು. "ನಿಮ್ಮ ಕಾಲಿಗೆ ಬೀಳ್ತೀನ್ರೀ, ಅತ್ತಿ ಹಸಗೊಂಡು ಕುಂತಾರ್ರೀ, ಅವರ ಕೈಯಾಗ ಫೋನು ಕೊಡ್ರಿ!" ಎಂದು ಅತ್ತುಬಿಟ್ಟೆ. ಅದೇನನ್ನಿಸಿತೋ, ಶಾಂತಕ್ಕ ಗೋಡೆಯಾಚೆ ನಮ್ಮ ಮನೆಗೆ ಹೋಗಿ ಅತ್ತೆಯ ಕೈಗೆ ಫೋನು ಕೊಟ್ಟರು. "ನೋಡ್ರೀ ಅಮ್ಮಾರ, ಯಾರೋ ನಿಮ್ಮ ಸೊಸಿ ಹಂಗ ವೇಷ ಹಾಕ್ಯಾರ."

ಅತ್ತೆಯವರ ಮುಖ ತೆರೆಯ ತುಂಬ ಬಂತು. ಹಸಿವಿಗೆ ಬಾಡಿತ್ತು. ಹಿಂದಿನಿಂದ ಯಜಮಾನರ ದನಿ. "ಅವ್ವಾ, ಕಟ್ ಮಾಡು! ನಾ ಅದನ್ನ ಬ್ಲಾಕ್ ಮಾಡೀನಿ!"

"ತಡಿಯಲೇ," ಎಂದು ಅತ್ತೆ ಕಣ್ಣು ಕಿರಿದು ಮಾಡಿದರು. "ನೀ ನನ್ನ ಸೊಸಿ ಆಗಿದ್ರ ಹೇಳು. ನಂಗ ಸಿಟ್ಟು ಬಂದಾಗ ನಿಂಗ ಏನಂತ ಬೈತೀನಿ?"

ಈ ಪ್ರಶ್ನೆಗೆ ಉತ್ತರ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ಕೊಡುವವರಿಗೆ ಮತ್ತು ತಿನ್ನುವವಳಿಗೆ. ಸುತ್ತ ಗೌರಕ್ಕ, ನಮ್ಮ ಮಂಡಳಿಯ ಅಷ್ಟೂ ಹೆಂಗಸರು. ಮೆಲ್ಲಗೆ ಹೇಳಿದೆ.

"ಕೇಳವಲ್ದು. ಜೋರಾಗಿ ಹೇಳು!"

ಜಾಗಟೆಯ ಸದ್ದನ್ನು ಮೀರಿಸಬೇಕೆಂದು ಎದೆಯ ತುಂಬ ಉಸಿರೆಳೆದು ಕೂಗಿದೆ. ಸರಿಯಾಗಿ ಅದೇ ಗಳಿಗೆಗೆ ಜಾಗಟೆ ನಿಂತಿತು!

"ಮಂಡಕ್ಕಿ ತಲಿಯಾಕಿ!"

ನದಿಯ ಈ ದಂಡೆಗೂ ಆ ದಂಡೆಗೂ ಕೇಳಿಸಿತು. ನೇಪಾಳದವರಿಗೆ ಅರ್ಥವಾಗಲಿಲ್ಲ, ಅದು ದೇವರು ಮಾಡಿದ ಉಪಕಾರ. ನಮ್ಮ ಮಂಡಳಿಗೆ ಪೂರ್ತಿ ಅರ್ಥವಾಯಿತು. ಗೌರಕ್ಕ ಶಾಲಿನಲ್ಲಿ ಮುಖ ಮುಚ್ಚಿಕೊಂಡರು, ಅವರ ಭುಜ ಕುಣಿಯುತ್ತಿತ್ತು.

"ಇಕಿ ನಮ್ಮ ಗಿರಿಜಾನ!" ಎಂದರು ಅತ್ತೆ. "ಜಲ್ದಿ ಆರತಿ ತೋರಸವ್ವ."

ಫೋನು ತಿರುಗಿಸಿದೆ. ಸಾಲು ದೀಪಗಳು ಒಟ್ಟಿಗೆ ಮೇಲೆದ್ದವು. ನದಿಯ ನೀರಿನಲ್ಲೂ ಎದ್ದವು. ಫೋನಿನಿಂದ ಸಣ್ಣ ದನಿಯಲ್ಲಿ "ಶಿವಾ, ಶಿವಾ" ಎಂದಷ್ಟೇ ಕೇಳಿತು. ನಾನು ಕೈ ಅಲುಗಾಡದಂತೆ ಹಿಡಿದು ನಿಂತೆ. ಆರತಿಯನ್ನು ನಾನು ಸರಿಯಾಗಿ ನೋಡಲಿಲ್ಲ. ಅವರು ನೋಡಿದರು, ಸಾಕು. ಕಡೆಗೆ ಶಾಂತಕ್ಕ ತಟ್ಟೆ ತಂದಿಟ್ಟು ಅತ್ತೆ ಮೊದಲ ತುತ್ತು ಬಾಯಿಗಿಡುವುದನ್ನೂ ತೋರಿಸಿದರು. ಅಲ್ಲಿಗೆ ಮೀಸಲಿಟ್ಟ ಡೇಟಾ ಮುಗಿಯಿತು. ಲೆಕ್ಕ ಹಾಕಿದಂತೆ ಮುಗಿಯಿತು, ಪಶುಪತಿನಾಥನ ದಯೆ!

ಊರಿಗೆ ಬಂದ ಮೇಲೆ ಅದೇ ಅಂಗಡಿಗೆ ಹೋಗಿ ಹಳೇ ನಂಬರಿಗೆ ಹೊಸ ಸಿಮ್ ಮಾಡಿಸಿಕೊಂಡೆ. "ಹಳೇದು ಏನಾಯ್ತ್ರೀ ಅಕ್ಕಾರ?" ಎಂದು ಅವನು ಕೇಳಿದ. ದೇವಿಗೆ ಅರ್ಪಿಸಿದೆ ಎಂದೆ. ಎರಡನೆಯ ಸಲ ಬೆರಗಾದ. ಯಜಮಾನರು ಆ ನೇಪಾಳದ ನಂಬರನ್ನು 'ಮೋಸಗಾತಿ' ಎಂದು ಉಳಿಸಿಕೊಂಡಿದ್ದಾರೆ. ಅಳಿಸಿರೆಂದರೆ, "ಇರ್ಲಿ ಬಿಡು, ನೆನಪಿಗೆ" ಅನ್ನುತ್ತಾರೆ.

ನಿನ್ನೆ ಬೆಳಿಗ್ಗೆ ಮಂಡಕ್ಕಿ ನೀರಿಗೆ ಹಾಕಿ, ನೇಪಾಳದ ದೀಪಗಳನ್ನು ನೆನೆಯುತ್ತ ನಿಂತಿದ್ದೆ. ಹಿತ್ತಲಲ್ಲಿ ಗೌರಕ್ಕನ ದನಿ ಕೇಳಿತು.

"ಮಂಡಕ್ಕಿ ತಲಿಯಾಕಿ, ಅದೀ ಏನು ಒಳಗ?"

"ಅದೀನ್ರೀ, ಬರ್ರಿ!" ಎಂದುಬಿಟ್ಟೆ. ಓಗೊಟ್ಟ ಮೇಲೆ ಇನ್ನೇನು ಮಾಡುವುದು? ಮುದ್ದೆಯಾಗುವ ಮುಂಚೆ ಮಂಡಕ್ಕಿ ಹಿಂಡತೊಡಗಿದೆ.